ಅಕ್ಕನ ಗಟ್ಟಿ ಹಲ್ಲುಗಳು

೧೯೩೬ನೇ ಇಸವಿ. ನಾನಾಗ ಮಳವಳ್ಳಿಯಲ್ಲಿ ಸ್ಕೂಲು ಮೇಷ್ಟ್ರಾಗಿದ್ದೆ. ನಮ್ಮ ವಂಶದಲ್ಲಿ ಪುಸ್ತಕ ಹಿಡಿದವನು ನಾನೊಬ್ಬನೇ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ನನ್ನನ್ನು ಸಾಕಿದವಳು ಅಕ್ಕ ಕೆಂಪಮ್ಮ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹನ್ನೆರಡು. ಮುಂದೆ ಅವಳನ್ನು ದುದ್ದದ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟರು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆ ಪದ ಎತ್ತಿಕೊಡಲು ಅಕ್ಕನೇ ಬೇಕಾಗಿತ್ತು.

ಆ ವರ್ಷ ಅವಳ ಮಂಡಿ, ಮಣಿಕಟ್ಟು ಊದಿಕೊಂಡವು. ದಸರಾ ರಜಕ್ಕೆ ಹೋದವನು ನೋಡಿದೆ, ಬೆಳಿಗ್ಗೆ ಇದ್ದಿಲಪುಡಿಯಲ್ಲಿ ಹಲ್ಲುಜ್ಜಿ ಉಗಿದರೆ ಬರೀ ರಕ್ತ. ವಸಡೆಲ್ಲ ಕೆಂಪಗೆ ಊದಿತ್ತು. ವಸಡಿನ ಕ್ರಿಮಿಗಳು ರಕ್ತಕ್ಕಿಳಿದು ಕೀಲುಗಳನ್ನು ಹಾಳುಮಾಡುತ್ತವೆ ಎಂದು ಯಾವುದೋ ಮಾಸಪತ್ರಿಕೆಯಲ್ಲಿ ಆಗಷ್ಟೇ ಓದಿದ್ದೆ. ಡಾಕ್ಟರ ಹತ್ತಿರ ಹೋಗೋಣ ಎಂದೆ.

"ರಕ್ತ ಬಂದ್ರೆ ಬರ್ಲಿ ಬುಡು. ಒಂದ್ ಅಲ್ಲೂ ಅಳ್ಳಾಡ್ತಿಲ್ಲ ಕಣ್ಲಾ" ಎಂದಳು.

"ನಿಂಗೇನು ಗೊತ್ತಾಯ್ತದೆ, ಸುಮ್ನೆ ಬಾ" ಎಂದು ಗಾಡಿ ಹತ್ತಿಸಿದೆ.

ಮಂಡ್ಯದಲ್ಲಿ ಸ್ವಂತವಾಗಿ ವೈದ್ಯ ಮಾಡುತ್ತಿದ್ದ ಡಾಕ್ಟರೊಬ್ಬರು ಅವಳ ವಸಡಿನ ಸಂದಿಯಿಂದ ಒಂದಿಷ್ಟು ಪಾಚಿ ಕೆರೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊದಲು ನಾನು ನೋಡಿದೆ. ನೂಲಿನ ಎಳೆಯಂಥವು, ಸುರುಳಿಯಂಥವು, ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಅಕ್ಕನಿಗೂ ತೋರಿಸಿದೆ.

"ಇದೇನ್ಲಾ ಇದು, ಗೊದಮೊಟ್ಟೆ ಆಡ್ದಂಗೆ ಆಡ್ತವೆ. ನನ್ ಬಾಯೊಳ್ಗಾ ಇವು?" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹಲ್ಲು ಇರೋವರೆಗೆ ಇವು ಹೋಗೋದಿಲ್ಲ ಮೇಷ್ಟ್ರೇ. ಎಲ್ಲವನ್ನೂ ತೆಗೆದರೆ ಕೀಲುನೋವು ತಾನಾಗಿ ಇಳಿಯುತ್ತೆ" ಎಂದರು ಡಾಕ್ಟರು.

ಅಕ್ಕ ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡಿದಳು. "ನೀನು ಓದಿರೋನು. ನೀನೇ ಏಳು, ಕೀಳಿಸ್ಕೊಳ್ಲಾ?"

"ಕೀಳಿಸ್ಕೊ" ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ.

ನಾಲ್ಕು ಸಲ ಕರೆದುಕೊಂಡು ಹೋದೆ. ಹಲ್ಲು ಗಟ್ಟಿಯಾಗಿದ್ದುದರಿಂದ ಡಾಕ್ಟರು ಬೆವರಿಹೋಗುತ್ತಿದ್ದರು. ಸೂಜಿಮದ್ದು ಹಾಕಿದ್ದರೂ ಅಕ್ಕ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಿರುತ್ತಿದ್ದಳು. ಕೊನೆಯ ದಿನ ಗಾಡಿಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತವಳು ಊರು ಬರುವವರೆಗೂ ತಲೆ ಎತ್ತಲಿಲ್ಲ.

ವಸಡು ಮಾಗಿತು, ಮಂಡಿನೋವು ಮಾತ್ರ ಹಾಗೇ ಉಳಿಯಿತು. ಚಳಿಗಾಲದಲ್ಲಿ ಬೆರಳುಗಳೂ ಊದಿಕೊಂಡವು. ಮೂವತ್ನಾಲ್ಕು ವರ್ಷದವಳು ಕೆನ್ನೆ ಒಳಗೆ ಬಿದ್ದು ಮುದುಕಿಯ ಹಾಗೆ ಕಂಡಳು. ಭಾವ ಜಗಲಿಯಲ್ಲಿ ನಾಲ್ಕು ಜನರ ಎದುರಿಗೇ "ಸತ್ತೋಗಿದ್ ನಮ್ಮವ್ವ ಎದ್ ಬಂದಂಗಾಗದೆ ಕಣ್ರಲಾ" ಎಂದು ನಕ್ಕ. ಒಂದು ಮದುವೆಗೆ ಸೋಬಾನೆ ಹೇಳಲು ಕೂತಳಂತೆ. ಮಾತೆಲ್ಲ ಸೋರಿ ಹೋಗಿ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರಂತೆ. ಅರ್ಧಕ್ಕೇ ಎದ್ದು ಬಂದಳು. ಆಮೇಲೆ ಯಾರು ಕರೆದರೂ ಹೋಗಲಿಲ್ಲ.

ಎರಡು ವರ್ಷ ಕಳೆಯಿತು. ನಮ್ಮ ಸ್ಕೂಲಿನ ಮಕ್ಕಳನ್ನು ಪರೀಕ್ಷೆ ಮಾಡಲು ಬೇರೊಬ್ಬ ಡಾಕ್ಟರು ಬಂದರು. ಅವರ ಹತ್ತಿರವೂ ಸೂಕ್ಷ್ಮದರ್ಶಕವಿತ್ತು. ನಾನು ತಿಳಿದವನ ಹಾಗೆ ವಸಡಿನ ಕ್ರಿಮಿಯ ಮಾತೆತ್ತಿದೆ. ಅವರು ನಗುತ್ತ, "ಬಾಯಿ ತೆಗೀರಿ" ಎಂದು ನನ್ನ ಹಲ್ಲಿನ ಬುಡದಿಂದಲೇ ಕೆರೆದು ತೋರಿಸಿದರು. ಅಕ್ಕನ ಬಾಯಿಯಲ್ಲಿ ನೋಡಿದ್ದಷ್ಟು ಇರಲಿಲ್ಲ. ಆದರೆ ಅವೇ ಎಳೆಗಳು, ಅವೇ ಸುರುಳಿಗಳು.

"ದೊಡ್ಡವರ ಬಾಯಲ್ಲಿ ಇವು ಇದ್ದೇ ಇರ್ತವೆ. ಪಾಚಿ ಕಟ್ಟಿದರೆ ಹೆಚ್ಚಾಗಿ ವಸಡು ಊದುತ್ತೆ. ಪಾಚಿ ಕೆರೆದು ತೆಗೆಸಿ ದಿನಾ ಚೆನ್ನಾಗಿ ಉಜ್ಜಿದರೆ ಇಳಿಯುತ್ತೆ" ಎಂದರು.

ನಾನು ಅಕ್ಕನ ವಿಷಯ ಹೇಳಿದೆ. ಅವರ ನಗು ನಿಂತಿತು. "ಅಳ್ಳಾಡದ ಹಲ್ಲನ್ನ ಯಾಕೆ ಕೀಳಿಸಿದಿರಿ?" ಎಂದರು.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಹೇಳಿಬಿಡದೆ ನನಗೆ ಇರಲಾಗಲಿಲ್ಲ. ಅವಳು ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಸುಲಿಯುವ ಕೈ ನಿಲ್ಲಲಿಲ್ಲ.

"ಇದನ್ ಯಾಕ್ಲಾ ನಂಗ್ ಏಳಕ್ ಬಂದೆ? ನನ್ ಅಲ್ಲು ಕಾಯ್ಲೆಗೆ ಓದ್ವು ಅನ್ಕೊಂಡಿದ್ದೆ. ಅಂಗೇ ಅನ್ಕೊಂಡು ಸಾಯ್ತಿದ್ದೆ."

ಅಷ್ಟು ಹೇಳಿ ಎದ್ದು ಹೋಗಿ ನನಗೆ ಊಟಕ್ಕಿಟ್ಟಳು. ಎದುರಿಗೆ ಕೂರಲಿಲ್ಲ.

ಈಗ ಅಕ್ಕ ಇಲ್ಲ. ತಪ್ಪಾಯ್ತು ಎನ್ನುವ ಮಾತು ಅಂದೂ ನನ್ನ ಬಾಯಿಂದ ಬರಲಿಲ್ಲ, ಆಮೇಲೂ ಬರಲಿಲ್ಲ. ಹಲ್ಲು ಕಿತ್ತವರು ಡಾಕ್ಟರು. ಅವಳಿಗಿದ್ದ ಆ ಒಂದು ಸಮಾಧಾನವನ್ನು, ನನ್ನ ಎದೆ ಹಗುರ ಮಾಡಿಕೊಳ್ಳಲು, ನಾನೇ ಕಿತ್ತುಕೊಂಡೆ.