ಈಶಾನ್ಯ ಮೂಲೆಯ ಹೊಂಡ

ನಮ್ಮ ಅಕ್ಕನ ಜೊತೆ ಯಾವುದೇ ಕೆಲಸಕ್ಕೆ ಹೋಗುವವರು ಹೊಟ್ಟೆ ತುಂಬ ಉಂಡೇ ಹೊರಡಬೇಕು. ಮಾತಿಗೆ ಕೂತರೆ ಆಕೆಗೆ ಹಸಿವೆ ನೀರಡಿಕೆ ಇರುವುದಿಲ್ಲ. ಜೊತೆಗಿದ್ದವರಿಗೆ ಇರಬಹುದು ಎಂಬುದು ಹೊಳೆಯುವುದೂ ಇಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ವರ್ಗವಾದಲ್ಲೆಲ್ಲ ಬಾಡಿಗೆ ಮನೆ ಹಿಡಿದಳು. ನಿವೃತ್ತಿಯಾಗಿ ಬೈಲಹೊಂಗಲಕ್ಕೆ ಬಂದು ಮತ್ತೊಂದು ಬಾಡಿಗೆ ಮನೆ ಹಿಡಿದಳು. ಗೋಡೆಗೆ ಒಂದು ಮೊಳೆ ಹೊಡೆಯಲೂ ಇನ್ನೊಬ್ಬರನ್ನು ಕೇಳಬೇಕಲ್ಲ ಎನ್ನುವುದು ಆಕೆಯ ಜೀವಮಾನದ ಸಿಟ್ಟು.

ಅಪ್ಪನಿಂದ ಬಂದ ಹೊಲ ಮುರಗೋಡದ ರಸ್ತೆಗಿತ್ತು. ಪಟ್ಟಣ ಅಲ್ಲಿಯವರೆಗೆ ಬೆಳೆದು ಬಂದಾಗ ಅಕ್ಕ, ನಾನು ಸೇರಿ ಲೇಔಟ್ ಮಾಡಲು ಹೊರಟೆವು. ಈಶಾನ್ಯ ಮೂಲೆಯ ಪ್ಲಾಟು ಅಕ್ಕನದೆಂದು ಮೊದಲೇ ಮಾತಾಗಿತ್ತು. ಅಲ್ಲಿ ಸುಣ್ಣದ ಗೆರೆ ಎಳೆಸಿ, ಅಡುಗೆಮನೆಯ ಕಿಟಕಿ ಎಲ್ಲಿ ಬರಬೇಕೆಂದು ಬಿಸಿಲಲ್ಲಿ ನಿಂತು ಯೋಚಿಸುತ್ತಿದ್ದಳು. ನಾನು ವಕೀಲ. ಕಾಗದಪತ್ರ ನನ್ನ ಪಾಲಿಗೆ, ಜನ ಆಕೆಯ ಪಾಲಿಗೆ.

ಅಡ್ಡಿ ಬಂದದ್ದು ಮಳೆನೀರಿನಿಂದ. ಹೊಲವಾಗಿದ್ದಾಗ ಬಿದ್ದ ಮಳೆಯ ಬಹುಪಾಲನ್ನು ಕಪ್ಪು ಎರೆಮಣ್ಣೇ ಕುಡಿಯುತ್ತಿತ್ತು. ರಸ್ತೆ, ಮನೆ ಬಂದ ಮೇಲೆ ಆ ನೀರು ಕೆಳಗೆ ಓಡಲೇಬೇಕು. ಕೆಳಗೆ ಹಳ್ಳವಿದೆ, ಆದರೆ ನಡುವೆ ಪಕ್ಕದ ಹಳ್ಳಿಯ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಾಗ. ಅದರೊಳಗೆ ನೀರು ಹಾಯಿಸುವ ಹಕ್ಕು ಸಿಗದೆ ಲೇಔಟಿಗೆ ಮಂಜೂರಾತಿಯಿಲ್ಲ. ಹಳ್ಳಿಯವರ ಒಪ್ಪಿಗೆಯಿಲ್ಲದೆ ಆ ಹಕ್ಕು ಇಲ್ಲ.

ನೀರು ಯಾರಿಗೂ ತೊಂದರೆ ಕೊಡದೆ ಹಳ್ಳ ಸೇರುತ್ತದೆ ಎಂದು ತೋರಿಸಲು ಅಕ್ಕ ಶಾಲೆಯ ಪ್ರಯೋಗದ ಹಾಗೆ ಒಂದು ಟ್ಯಾಂಕರ್ ತರಿಸಿದಳು. ಸುಡು ಬೇಸಿಗೆ. ಹಳ್ಳಿಯ ಹಿರಿಯರು ಟವೆಲ್ ತಲೆಗೆ ಸುತ್ತಿ ಸಾಲಾಗಿ ನಿಂತಿದ್ದರು. ಗಾಯರಾಣದ ಮೇಲ್ತುದಿಯಲ್ಲಿ ನೀರು ಬಿಟ್ಟರು. ಬಿಟ್ಟ ನೀರು ನಾಲ್ಕು ಮಾರು ಹರಿದು, ಬಾಯಿ ಬಿಟ್ಟ ಎರೆನೆಲದ ಬಿರುಕುಗಳಲ್ಲಿ ಇಳಿದು ಮಾಯವಾಯಿತು. ಹುಟ್ಟಿದಾಗಿನಿಂದ ಇದೇ ಮಣ್ಣು ತುಳಿದ ನಮ್ಮಲ್ಲಿ ಒಬ್ಬರಿಗೂ ಇದು ಮೊದಲೇ ಹೊಳೆದಿರಲಿಲ್ಲ!

"ಅಕ್ಕೋರ, ಇನ್ನೊಂದು ಟ್ಯಾಂಕರ್ ತರಸ್ರಿ. ಭೂಮಿತಾಯಿ ನೀರಡಿಕಿ ಇನ್ನೂ ಹೋಗಿಲ್ಲ," ಎಂದರು ಒಬ್ಬ ಹಿರಿಯರು.

ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕನೇ. "ಮಳಿಗಾಲದಾಗ ಬರತೇನ್ರಿ. ಆವಾಗ ನಿಮ್ಮ ತಾಯಿ ಹೊಟ್ಟಿ ತುಂಬಿರತೈತಿ," ಎಂದಳು. ಆ ನಗುವಿನಲ್ಲೇ ಅರ್ಧ ಒಪ್ಪಿಗೆ ಸಿಕ್ಕಿತು ಎನ್ನಬೇಕು. ನನ್ನ ನೋಟಿಸುಗಳಿಂದ ಅಷ್ಟೂ ಸಿಕ್ಕಿರಲಿಲ್ಲ.

ಮಳೆಗಾಲ ಬಂತು. ಅಷ್ಟರಲ್ಲಿ ನಾವು ಒಳರಸ್ತೆಗಳಿಗೆ ಗರಸು ಎಂಬ ಕೆಂಪು ಕಲ್ಲುಮಣ್ಣು ಹಾಕಿ ರೋಲರ್ ಹೊಡೆಸಿದ್ದೆವು. ಒಂದು ಮಧ್ಯಾಹ್ನ ಜೋರು ಮಳೆ ಹಿಡಿದಾಗ ಅಕ್ಕ ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಹಿಂದೆಯೇ ನಡೆದಳು. ನಾನು ಕೊಡೆ ಹಿಡಿದು, ಗೊಣಗುತ್ತ ಆಕೆಯ ಹಿಂದೆ. ನಮ್ಮ ಲೇಔಟಿನ ಕೆಂಪು ನೀರು ಗಾಯರಾಣದ ನಡುವಿನವರೆಗೆ ನೆಟ್ಟಗೆ ಬಂದು, ಅಲ್ಲಿ ಹೊರಳಿ, ಅಂಚಿನ ಒಂದು ಮನೆಯ ಕಡೆ ನುಗ್ಗಿತು. ಮಣ್ಣಿನ ಗೋಡೆಯ ಮನೆ. ಅಕ್ಕನಿಗಿಂತ ಹಿರಿಯಳಾದ ಹೆಂಗಸೊಬ್ಬಳು ಸಲಿಕೆ ಹಿಡಿದು ಗೋಡೆಯ ಬುಡಕ್ಕೆ ಮಣ್ಣು ಎಳೆಯುತ್ತಿದ್ದಳು. ಹಿಂದಿನ ದೊಡ್ಡ ಮಳೆಯಲ್ಲಿ ಆ ಮನೆಯ ಒಂದು ಗೋಡೆ ಕುಸಿದಿತ್ತಂತೆ. ಇನ್ನೊಂದು ಹೋದರೆ ಮಾಳಿಗೆ ತಲೆಯ ಮೇಲೆ.

ಹಳ್ಳಿಯ ಹಿರಿಯರು ಒಂದೇ ಮಾತು ಹೇಳಿದರು: "ಆ ಮನಿಯಾಕಿ ಹೂಂ ಅಂದ್ರ ನಾವೆಲ್ಲಾ ಹೂಂ."

ಕಾಯ್ದೆಯ ಪ್ರಕಾರ ಗಾಯರಾಣದ ಮೇಲೆ ಆ ಒಬ್ಬಳಿಗೆ ಯಾವ ಹಕ್ಕೂ ಇಲ್ಲ ಎಂದು ನಾನು ಅಕ್ಕನಿಗೆ ಬಿಡಿಸಿ ಹೇಳಿದೆ.

"ಲೇ ತಮ್ಮಾ, ನಿನ್ನ ಕಾಯ್ದೆ ಹೋಗಿ ಆಕಿ ಗೋಡಿ ಹಿಡಕೊಂಡು ನಿಂದರತೈತೇನು?" ಎಂದಳು.

ಮರುದಿನ ಆ ಮನೆಗೆ ಹೋದೆವು. ಆ ಹೆಂಗಸು ಬೆಲ್ಲದ ಚಹಾ ಕೊಟ್ಟಳು, ಕಂಬಳಿ ಹಾಸಿ ಕೂರಿಸಿದಳು. ಅಕ್ಕ ವಿಷಯ ಪೂರ್ತಿ ಹೇಳಿ ಮುಗಿಸುವ ಮೊದಲೇ ಆಕೆ ಅಂದಳು: "ನೀವು ಮನಿತನಕಾ ಬಂದೀರಿ, ಅಕ್ಕೋರ. ಬ್ಯಾಡ ಅಂತ ನಾ ಹ್ಯಾಂಗ ಅನ್ನಲಿ? ನೀರು ಬಿಡ್ರಿ. ನಮ್ಮ ನಸೀಬದಾಗ ಇದ್ದದ್ದು ಆಗತೈತಿ."

ಎದ್ದು ಒಳಗೆ ಹೋಗಿ ಅಕ್ಕನ ಸೆರಗಿಗೆ ಉಡಿ ತುಂಬಲು ತಾಟು ತಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಬಸದ ಬಟ್ಟೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಒಪ್ಪಿಗೆ ಆಯಿತಲ್ಲ ಎಂದು ನಾನು ಪೆನ್ನು ತೆಗೆದೆ.

ಅಕ್ಕ ಸೆರಗು ಒಡ್ಡಲಿಲ್ಲ. ಅದನ್ನು ಸೊಂಟಕ್ಕೆ ಸುತ್ತಿಕೊಂಡು ಎದ್ದು ನಿಂತಳು. ಉಡಿ ಬೇಡವೆನ್ನುವುದು ಸಣ್ಣ ಅವಮಾನವಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಈಗ ಬ್ಯಾಡವಾ," ಎಂದಳು ಅಕ್ಕ. "ಉಡಿ ತುಂಬಿಸಿಕೊಂಡ್ರ ನಾ ಈ ಮನಿ ಮಗಳಾಗತೇನಿ. ಮಗಳು ತವರಮನಿ ಗೋಡಿಗೆ ನೀರು ಬಿಡತಾಳೇನು?"

ದಾರಿಯುದ್ದಕ್ಕೂ ಬೈದೆ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಾರವೇ ಎಂಜಿನಿಯರನನ್ನು ಕೂರಿಸಿಕೊಂಡು ನಕ್ಷೆ ಬದಲಿಸಿದಳು. ಲೇಔಟಿನ ನೀರೆಲ್ಲ ಮೊದಲು ಒಂದು ಹೊಂಡಕ್ಕೆ ಬಂದು ನಿಲ್ಲಬೇಕು. ಅಲ್ಲಿಂದ ಸಣ್ಣ ಪೈಪಿನಲ್ಲಿ, ಗಾಯರಾಣದ ಆಚೆ ಅಂಚು ಹಿಡಿದು, ಸಾವಕಾಶ ಹಳ್ಳ ಸೇರಬೇಕು. ಹೊಂಡ ತಗ್ಗಿನಲ್ಲೇ ಆಗಬೇಕು. ನಮ್ಮ ಹೊಲದಲ್ಲಿ ತಗ್ಗೆಂದರೆ ಅಕ್ಕನ ಪ್ಲಾಟಿದ್ದ ಈಶಾನ್ಯ ಮೂಲೆ ಒಂದೇ. ನನ್ನ ಪಾಲಿನ ಒಂದನ್ನು ಬಿಟ್ಟರೆ ಉಳಿದ ಪ್ಲಾಟುಗಳನ್ನೆಲ್ಲ ಕೊಳ್ಳುವವರಿಗೆ ಆಗಲೇ ಮಾತು ಕೊಟ್ಟಾಗಿತ್ತು. ನನ್ನದನ್ನು ತೆಗೆದುಕೋ ಎಂದೆ. "ನಿನ್ನ ಹೇಣತಿ ಬೈತಾಳ," ಎಂದು ನಕ್ಕು ಬಿಟ್ಟಳು. ಆ ನಗು ನನಗೆ ಇಷ್ಟವಾಗಲಿಲ್ಲ. ಆದರೆ ಅಂಥ ಅಕ್ಕನ ತಮ್ಮ ನಾನು ಎಂದು ಎದೆ ಉಬ್ಬಿದ್ದೂ ನಿಜ.

ಊರು ಒಪ್ಪಿತು, ಆದೇಶ ಬಂತು, ಹೊಂಡ ತೋಡಿದೆವು. ಮುಂದಿನ ಮಳೆಗಾಲದಲ್ಲಿ ಮಳೆ ಬಿಡದೆ ಸುರಿದು ನಿಂತ ಒಂದು ಬೆಳಿಗ್ಗೆ ಅಕ್ಕ, ನಾನು ಹೊಂಡ ನೋಡಲು ಹೋದೆವು. ಅದು ದಂಡೆಮಟ್ಟ ತುಂಬಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಹೆಂಗಸು ಗಾಯರಾಣ ದಾಟಿ, ಸೆರಗಿನಲ್ಲಿ ತಾಟು ಮುಚ್ಚಿಕೊಂಡು ಬಂದಳು. ಗೋಡೆಗೆ ಹನಿ ನೀರೂ ತಾಗಿಲ್ಲ ಎಂದಳು. ಹೊಂಡವನ್ನು ಒಂದು ಸುತ್ತು ನೋಡಿ ನನ್ನನ್ನು ಕೇಳಿದಳು.

"ಇದು ಯಾರ ಪ್ಲಾಟ್ ಇತ್ತರೀ?"

"ಅಕ್ಕಂದ. ಮನಿ ಕಟ್ಟಬೇಕಂತ ಇಟ್ಟಿದ್ಲು."

ಅಕ್ಕ ನನ್ನತ್ತ ಕಣ್ಣು ಕೆಕ್ಕರಿಸಿದಳು. ಆ ಹೆಂಗಸು ಮಾತ್ರ ಅಕ್ಕನನ್ನು ಗದರಿಯೇಬಿಟ್ಟಳು. 'ಅಕ್ಕೋರು', 'ನೀವು' ಎಂಬ ಮರ್ಯಾದೆಯ ಮಾತುಗಳೆಲ್ಲ ಎಲ್ಲಿ ಹೋದವೋ.

"ಹುಚ್ಚಿ ಅದೀ ಏನು ನೀ? ನಂದು ಮಣ್ಣಿನ ಗೋಡಿ, ಬಿದ್ರ ಮತ್ತ ಕಟ್ಟತಿದ್ದೆ. ನೀ ಕಟ್ಟಲೇ ಇಲ್ಲಲ್ಲವಾ!"

ಅಕ್ಕ ತುಂಬಿದ ಹೊಂಡದ ದಂಡೆಯ ಮೇಲೆ, ಕೆಸರಿನಲ್ಲಿ ನಿಂತು, ಎರಡೂ ಕೈಯಿಂದ ಸೆರಗು ಒಡ್ಡಿದಳು. ಆ ಹೆಂಗಸು ಬೈಯುತ್ತಲೇ ಉಡಿ ತುಂಬಿದಳು.