ಥೆಲ್ಮಾಳ ರೂಬಾರ್ಬೂ ಡೆರೆಕ್‌ನ ಪ್ಲಾಸ್ಟಿಕ್ ಹುಲ್ಲೂ

ಇಂಗ್ಲೆಂಡಿನ ವೇಕ್‌ಫೀಲ್ಡಿನ ಆ ಬೀದಿಯಲ್ಲಿ ಥೆಲ್ಮಾಳ ನಾಲಿಗೆಗೆ ಹೆದರದವನೆಂದರೆ ಅವಳ ಗಂಡ ಡೆರೆಕ್ ಒಬ್ಬನೇ. ಧೈರ್ಯವಂತ ಅಂತಲ್ಲ, ಅವನು ಹೆಂಡತಿಯ ಮಾತಿಗೆ ಕಿವಿಗೊಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಥೆಲ್ಮಾ ಹದಿಹರೆಯದಲ್ಲೇ ತಾಯಿಯ ಜೊತೆ ರೂಬಾರ್ಬ್ ಕೊಟ್ಟಿಗೆಗೆ ಕೂಲಿಗೆ ಹೋದವಳು. ಆ ಊರಿನ ಚಳಿಗಾಲದ ಬೆಳೆ ಅದು. ಹೊಲದಿಂದ ಗಡ್ಡೆಗಳನ್ನು ಕಿತ್ತು ತಂದು, ಬೆಳಕಿನ ಸುಳಿವೂ ಇಲ್ಲದ ಉದ್ದನೆಯ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕೂರಿಸುತ್ತಾರೆ. ಬೆಳಕು ಹುಡುಕಿಕೊಂಡು ನಸುಗೆಂಪು ದಂಟುಗಳು ದಡಬಡ ಏಳುತ್ತವೆ. ಮೊಗ್ಗು ಒಡೆಯುವ ಸದ್ದು ಕಿವಿಗೆ ಕೇಳಿಸುತ್ತದೆ. ಮೇಣದಬತ್ತಿಯ ಬೆಳಕಲ್ಲಿ ಕೀಳಬೇಕು. ಎಲೆ ವಿಷ, ಬಿಸಾಡಬೇಕು. ಹುಳಿ ದಂಟಿಗೆ ಸಕ್ಕರೆ ಹಾಕಿ, ಮೇಲೆ ಹಿಟ್ಟು ಬೆಣ್ಣೆ ಕಲಸಿ ಉದುರಿಸಿ ಕ್ರಂಬಲ್ ಬೇಯಿಸಿದರೆ ಆ ಊರಲ್ಲಿ ಸತ್ತವರೂ ಎದ್ದು ಚಮಚ ಕೇಳುತ್ತಾರೆ.

ಥೆಲ್ಮಾಳ ಮದುವೆಯ ದಿನ ಅವಳ ತಾಯಿ ತನ್ನ ಹಿತ್ತಲಿನ ಗಡ್ಡೆಯನ್ನು ಗುದ್ದಲಿಯಿಂದ ಸೀಳಿ, ಒಂದು ಹೋಳನ್ನು ಹಳೇ ಪೇಪರಿನಲ್ಲಿ ಸುತ್ತಿ ಮಗಳ ಕೈಗಿತ್ತಳು. ರೂಬಾರ್ಬನ್ನು ಅಂಗಡಿಯಿಂದ ತಂದು ನೆಡುವವರನ್ನು ಅಲ್ಲಿ ದಿಕ್ಕಿಲ್ಲದವರು ಅನ್ನುತ್ತಾರೆ. ಅದು ಸೀಳಿ ಹಂಚಿಯೇ ಬರಬೇಕು. “ಗಂಡ ಕೆಟ್ಟರೂ ಇದು ಕೆಡಲ್ಲ, ಇಟ್ಕೋ” ಅಂದಳು, ಅಳಿಯನಿಗೆ ಕೇಳಿಸಲಿ ಅಂತಲೇ. ಆ ಮಾತು ಡೆರೆಕ್‌ಗೆ ಮುಳ್ಳಾಗಿ ನಾಟಿತು. ಅತ್ತೆ ಸತ್ತಳು, ಮುಳ್ಳು ಹೋಗಲಿಲ್ಲ. ಗಡ್ಡೆಯೂ ಹೋಗಲಿಲ್ಲ, ವರ್ಷವರ್ಷವೂ ದಪ್ಪವಾಯಿತು.

ಡೆರೆಕ್ ಜೀವಮಾನವಿಡೀ ಊರವರ ಮನೆಗಳಿಗೆ ಕಾರ್ಪೆಟ್ ಹಾಸಿದವನು. ನಿವೃತ್ತನಾದ ಮೇಲೆ ಕೈ ತುರಿಸತೊಡಗಿ, ಕಣ್ಣು ಹಿತ್ತಲ ಮೇಲೆ ಬಿತ್ತು.

“ಕೆಸರು ತುಳಿದು ತುಳಿದು ಸಾಕಾಯ್ತು. ಪ್ಲಾಸ್ಟಿಕ್ ಹುಲ್ಲೋ, ಕಾಂಕ್ರೀಟೋ? ನೀನೇ ಹೇಳು. ಆಮೇಲೆ ನನ್ನ ಕೇಳಲಿಲ್ಲ ಅನ್ಬೇಡ.”

“ಮಣ್ಣು,” ಅಂದಳು ಥೆಲ್ಮಾ.

“ಅದು ಲಿಸ್ಟಲ್ಲಿಲ್ಲ.”

“ನಿನ್ನ ಲಿಸ್ಟಿಗಿಷ್ಟು ಬೆಂಕಿ ಹಾಕ.”

“ಹಾಗಾದ್ರೆ ಕಾಂಕ್ರೀಟೇ. ನಿಮ್ಮಮ್ಮನ ಆ ದರಿದ್ರ ಗಿಡಾನೂ ತೊಲಗತ್ತೆ. ಮೇಲೆಲ್ಲ ವಿಷ, ಕೆಳಗೆಲ್ಲ ಹುಳಿ. ಥೇಟ್ ನಿಮ್ಮ ವಂಶ!”

ಥೆಲ್ಮಾ ಹಲ್ಲು ಕಚ್ಚಿಕೊಂಡು ಯೋಚಿಸಿದಳು. ಎರಡೂ ಅವಳಿಗೆ ಹೇಸಿಗೆಯೇ. ಆದರೆ ಕಾಂಕ್ರೀಟು ಬಿದ್ದರೆ ಆ ಮಣ್ಣಿನ ಕಥೆ ಮುಗಿಯಿತು. ಪ್ಲಾಸ್ಟಿಕ್ಕನ್ನಾದರೆ ಮುಂದೊಂದು ದಿನ ಕಿತ್ತೆಸೆಯಬಹುದು.

“ಪ್ಲಾಸ್ಟಿಕ್ಕೇ ಹಾಸ್ಕೊಂಡು ಸಾಯಿ. ಆದ್ರೆ ಗಡ್ಡೆ ನಾನೇ ಎತ್ತಿ ಕುಂಡಕ್ಕೆ ಹಾಕ್ಕೋತೀನಿ. ಎಲೆ ಪೂರ್ತಿ ಒಣಗೋವರೆಗೂ ತಡಿ. ಅದಕ್ಕೆ ಮುಂಚೆ ಮುಟ್ಟಿದ್ಯೋ, ನೋಡು ಮತ್ತೆ.”

“ಆಯ್ತು ಮಾರಾಯ್ತಿ, ಆಯ್ತು.”

ಆಯ್ತು ಅಂದ ಪುಣ್ಯಾತ್ಮ, ಅವಳು ಕಾಯಿಲೆ ಬಿದ್ದ ತಂಗಿಯನ್ನು ನೋಡಲು ಲೀಡ್ಸಿಗೆ ಹೋಗುವುದನ್ನೇ ಕಾದಿದ್ದ. ಅವಳು ಮರಳಿ ಬರುವಷ್ಟರಲ್ಲಿ ಹಿತ್ತಲು ಗೋಡೆಯಿಂದ ಗೋಡೆಗೆ ಹಚ್ಚಹಸಿರು. ನಡುವೆ ಕುರ್ಚಿ ಹಾಕಿಕೊಂಡು ಬಿಯರ್ ಹೀರುತ್ತ ಡೆರೆಕ್ ಕೂತಿದ್ದ.

“ನನ್ನ ಗಡ್ಡೆ ಎಲ್ಲಿ?”

“ಅಗೆದು ಕಸಕ್ಕೆ ಹಾಕಿ ಬಂದೆ. ನಿಮ್ಮಮ್ಮನ್ನ ಎರಡನೇ ಸಲ ಮಣ್ಣು ಮಾಡಿದ ಹಾಗಾಯ್ತು.”

ಥೂ! ಇಂಥ ಮಾತಾಡಲು ಬಾಯಾದರೂ ಹೇಗೆ ಬರುತ್ತದೆ? ಯಾರೊಂದಿಗೂ ಒಂದು ಮಾತು ಬಾಕಿ ಇಡದ ಥೆಲ್ಮಾ ಅಂದು ಏನೂ ಅನ್ನಲಿಲ್ಲ. ಒಳಗೆ ಹೋಗಿ ತನ್ನ ಹಾಸಿಗೆಯನ್ನು ಚಿಕ್ಕ ಕೋಣೆಗೆ ಸಾಗಿಸಿದಳು. ಚಹಾ ಒಂದೇ ಬಟ್ಟಲಿಗೆ ಕಾಯಿಸಿದಳು. ಕ್ರಿಸ್‌ಮಸ್ ದಿನ ಒಂದೇ ತಟ್ಟೆ ಬಡಿಸಿಕೊಂಡು ಅವನೆದುರಿಗೇ ಕೂತು ನಿಧಾನಕ್ಕೆ ತಿಂದಳು. ಪೀಡೆ ತೊಲಗಿತು ಎಂದು ಮೊದಮೊದಲು ಹಿಗ್ಗಿದ ಡೆರೆಕ್, ಹೊಸ ವರ್ಷದ ಹೊತ್ತಿಗೆ ಟೀವಿಯ ಜೊತೆ ಮಾತಾಡುತ್ತಿದ್ದ.

ಫೆಬ್ರವರಿಯಲ್ಲಿ ಹಿತ್ತಲ ಮೂಲೆಯಲ್ಲಿ ಪ್ಲಾಸ್ಟಿಕ್ ಹುಲ್ಲು ಉಬ್ಬಿತು. ಅಡುಗೆಮನೆಯ ಕಿಟಕಿಯಿಂದ ನೋಡಿದ ಥೆಲ್ಮಾ ಹೆಗ್ಗಣವಿರಬೇಕು ಅಂದುಕೊಂಡಳು. ಉಬ್ಬು ದಿನದಿನಕ್ಕೂ ಏರಿತು. ಒಂದು ಬೆಳಗ್ಗೆ ಚಪ್ಪಲಿಯಲ್ಲೇ ಹೊರಗೆ ಹೋಗಿ ಮಂಡಿಯೂರಿ ಕಿವಿಯಿಟ್ಟಳು. ಒಳಗೆ ಮೆಲ್ಲಗೆ ‘ಚಟ್’ ಎಂದಿತು. ಕೊಟ್ಟಿಗೆಯಲ್ಲಿ ಕೇಳಿ ಕೇಳಿ ಮೈಗೆ ಹತ್ತಿದ ಸದ್ದು!

“ಡೆರೆಕ್!”

ಇಡೀ ಚಳಿಗಾಲದಲ್ಲಿ ಅವನೊಂದಿಗೆ ಅವಳಾಡಿದ ಮೊದಲ ಮಾತು. ಅವನು ಓಡಿಯೇ ಬಂದ.

“ಇದನ್ನ ಅಗೆದು ಹಾಕಿದೆ ಅಂದ್ಯಲ್ಲ?”

ಡೆರೆಕ್ ತಲೆ ಕೆರೆದುಕೊಂಡ. “ಅಗೆಯೋಕೆ ಹೋದೆ. ಬೇರು ಪಾತಾಳಕ್ಕಿಳಿದಿತ್ತು, ಸೊಂಟ ಹಿಡ್ಕೊಳ್ತು. ಎಲೆ ಕತ್ತರಿಸಿ, ಮೇಲೆ ಹಾಸ್ಬಿಟ್ಟೆ.”

ಹಾಸುವುದನ್ನು ಬಿಟ್ಟು ಬೇರೇನು ಗೊತ್ತು ಆ ಮನುಷ್ಯನಿಗೆ? ಕತ್ತಲು ಮಾಡಿದರೆ ರೂಬಾರ್ಬ್ ಏಳುತ್ತದೆ ಎಂಬುದು ಆ ಊರಿನ ಕೂಸಿಗೂ ತಿಳಿದ ಸಂಗತಿ. ಅಲ್ಲೇ ಹುಟ್ಟಿ ಬೆಳೆದ ಈ ಮಹಾಶಯ ಅತ್ತೆಯ ಗಿಡವನ್ನು ಕೊಲ್ಲಲು ಹೋಗಿ, ಚಳಿಗಾಲವೆಲ್ಲ ಬೆಚ್ಚಗೆ ಹೊದಿಸಿ ಸಾಕಿದ್ದ.

ಥೆಲ್ಮಾ ಅವನದೇ ಕಾರ್ಪೆಟ್ ಚಾಕು ತಂದು ಹುಲ್ಲನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿದಳು. ನಸುಗೆಂಪು ದಂಟುಗಳು ಮೇಲೆದ್ದವು. ಅವಳು ಅವನ್ನು ಮುಟ್ಟಿ ಮುಟ್ಟಿ ಬಿಕ್ಕಿದಳು.

“ಬದುಕಿದೆಯಲ್ಲ, ಅಳೋದೇನು?” ಡೆರೆಕ್ ಹಲ್ಲು ಕಿರಿದ. “ಇವತ್ತು ಕ್ರಂಬಲ್ ಮಾಡ್ತೀಯಾ?”

“ನಾನು ಚಳಿಗಾಲವೆಲ್ಲ ಅಮ್ಮ ಇನ್ನೊಂದು ಸಲ ಸತ್ತಳು ಅಂತ ಅಳ್ತಿದ್ದೆ. ಸುಳ್ಳು ಅಂತ ಗೊತ್ತಿದ್ದೂ ನೋಡ್ತಾ ಕೂತಿದ್ದೆಯಲ್ಲೋ ನೀನು!”

ಅವಮಾನಕ್ಕೆ ಡೆರೆಕ್‌ನ ಕಿವಿ ಕೆಂಪಗಾಯಿತು. ಕ್ಷಮಿಸು ಅನ್ನುವ ಮಾತು ಬಾಯಿಗೆ ಬಂದಿತ್ತೋ ಏನೋ, ಹೊರಗೆ ಬಂದದ್ದು ಬೇರೆ.

“ಮುಂದಿನ ವಾರ ಕಾಂಕ್ರೀಟ್ ಲಾರಿ ಕರಿಸ್ತೀನಿ. ಅದನ್ನ ಹೇಗೆ ಸೀಳ್ತೀಯೋ ನಾನೂ ನೋಡ್ತೀನಿ.”

“ಕರಿಸು.”

ಅವಳು ಗುದ್ದಲಿ ತಂದಳು. ಬೇರು ಪಾತಾಳಕ್ಕಿಳಿದದ್ದು ನಿಜ, ಅಗೆದು ಎತ್ತುವಷ್ಟರಲ್ಲಿ ಮಧ್ಯಾಹ್ನವಾಯಿತು. ಗಡ್ಡೆಯನ್ನು ಹೋಳು ಮಾಡಿ, ಪೇಪರಿನಲ್ಲಿ ಸುತ್ತಿ, ಕೈಗಾಡಿಗೆ ಹಾಕಿಕೊಂಡು ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದಳು. ಅವಳೊಂದಿಗೆ ಮಾತು ಬಿಟ್ಟವರೂ ಕೈಚಾಚಿದರು. ರೂಬಾರ್ಬ್ ಹೋಳನ್ನು ಬೇಡ ಅನ್ನುವಷ್ಟು ಕೆಟ್ಟವರು ಆ ಊರಲ್ಲಿಲ್ಲ.

“ಎಲ್ಲಾ ಕೊಟ್ಬಿಟ್ರೆ ನಿನಗೇನೇ?” ಅಂದಳು ಎದುರುಮನೆಯ ಐರಿಸ್.

“ನಿನ್ನ ಹಿತ್ತಲಲ್ಲಿದ್ರೆ ನನ್ನ ಹಿತ್ತಲಲ್ಲಿದ್ದ ಹಾಗೇ. ಮೊದಲನೇ ವರ್ಷ ಕೀಳಬೇಡ, ಬೇರೂರಲಿ.”

ಲಾರಿ ಬಂತು. ಡೆರೆಕ್ ಗೋಡೆಯಿಂದ ಗೋಡೆಗೆ ಕಾಂಕ್ರೀಟು ಸುರಿಸಿ ತಾನೇ ನಿಂತು ಮಟ್ಟ ಮಾಡಿಸಿದ. ಥೆಲ್ಮಾ ಕಿಟಕಿಯ ಹತ್ತಿರವೂ ಸುಳಿಯಲಿಲ್ಲ.

ಎರಡನೆಯ ವಸಂತದಲ್ಲಿ ಬೀದಿಗೆ ಬೀದಿಯೇ ಕ್ರಂಬಲ್ ಬೇಯಿಸಿತು. ಐರಿಸ್ ಕೊಟ್ಟ ಮೊದಲ ದಂಟುಗಳನ್ನು ಥೆಲ್ಮಾ ಮನೆಗೆ ತಂದು ಬೇಯಿಸಿ, ಬಿಸಿಬಿಸಿ ತಟ್ಟೆ ಹಿಡಿದು ಕೂತಳು. ಡೆರೆಕ್ ವಾಸನೆ ಹಿಡಿದು ಬಂದು, ಖಾಲಿ ಬಟ್ಟಲು ಮುಂದೆ ಮಾಡಿದ.

“ನನಗೆ?”

ಥೆಲ್ಮಾ ಚಮಚದಿಂದಲೇ ಹಿಂಬಾಗಿಲು ತೋರಿಸಿದಳು.

“ನಿನ್ನ ಹಿತ್ತಲಲ್ಲಿ ಏನು ಬೆಳೆದಿದೆಯೋ, ಅದನ್ನ ತಿನ್ನು.”