ಬಾಗಿಲು ತೆರೆಯಲು ಏಳು ಶಾಟ್

ನಮ್ಮತ್ತೆಗೆ ಕಥೆ ಹೇಳಲು ಬರುತ್ತಿರಲಿಲ್ಲ. ಕೊನೆಯನ್ನು ಮೊದಲು ಹೇಳಿಬಿಡುತ್ತಿದ್ದಳು. "ನಾಯಿ ಸಿಕ್ತು. ಬೆಳಿಗ್ಗೆ ಕಳೆದುಹೋಗಿತ್ತು" ಎಂದು ಶುರುಮಾಡಿದರೆ ಕೇಳುವವರಿಗೆ ಕೇಳಲು ಏನು ಉಳಿಯುತ್ತದೆ? ಅಪ್ಪನ ಈ ತಂಗಿ ಮೂವತ್ತು ವರ್ಷ ಆಸ್ಪತ್ರೆಯ ವಿಚಾರಣೆ ಕಿಟಕಿಯ ಹಿಂದೆ ಕುಳಿತವಳು. ಕಿಟಕಿಯ ಈಚೆ ರೋಗಿಗಳ ಕಡೆಯವರು ತುದಿಗಾಲಲ್ಲಿ ನಿಂತಿರುತ್ತಿದ್ದರು. ಬೇರೆ ಗುಮಾಸ್ತರು "ಡಾಕ್ಟ್ರು ಬರ್ತಾರೆ, ಕೂತಿರಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ, ಅತ್ತೆ ರೋಗಿಯ ಹೆಸರು ಕೇಳಿದ ಕೂಡಲೇ "ಎಚ್ಚರ ಆಗಿದೆ, ನೀರು ಕೇಳಿದ್ರು" ಎಂದುಬಿಡುವಳು. ಇದು ನಿನ್ನ ಕೆಲಸವಲ್ಲ ಎಂದು ಮೇಲಿನವರು ಎರಡು ಸಲ ಮೆಮೊ ಕೊಟ್ಟಿದ್ದರು. "ಹಾಲು ಕಾಯಿಸ್ಬೇಕು, ಮನುಷ್ಯರನ್ನ ಕಾಯಿಸ್ಬಾರ್ದು" ಎನ್ನುತ್ತ ಅವಳು ಮೆಮೊಗಳನ್ನು ಹೊಲಿಗೆ ಡಬ್ಬಿಯಲ್ಲಿ ಹಾಕಿಟ್ಟಳು.

ಇಂಥವಳನ್ನು ಸಸ್ಪೆನ್ಸ್ ಚಿತ್ರದ ನಾಯಕಿ ಮಾಡಿದ ಜಾಣ ನಾನು. ಸಿನಿಮಾ ಕೋರ್ಸಿನ ಕೊನೆಯ ವರ್ಷ, ಹತ್ತು ನಿಮಿಷದ ಥ್ರಿಲ್ಲರ್ ಮಾಡಿ ಪಾಸಾಗಬೇಕಿತ್ತು. ನಟಿಯರು ಸಿಗಲಿಲ್ಲ, ಅತ್ತೆ ಸಿಕ್ಕಳು. ಜೊತೆಗೆ ಅವಳ ಉದ್ದನೆಯ ಪಡಸಾಲೆ, ಹೊಲಿಗೆ ಮಷಿನ್ ಎಣ್ಣೆಯ ವಾಸನೆ, ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು. ಆ ಮನೆ ಈಗ ಬೇರೆಯವರದು. ಆದರೂ ಕಣ್ಣು ಮುಚ್ಚಿದರೆ ಯಾವ ಮೂಲೆಯಲ್ಲಿ ಕ್ಯಾಮೆರಾ ಇಟ್ಟಿದ್ದೆ ಎಂದು ಕೈಮಾಡಿ ತೋರಿಸಬಲ್ಲೆ.

ಕಥೆ ಇಷ್ಟೇ. ಒಬ್ಬಂಟಿ ಹೆಂಗಸು, ಬಾಗಿಲು ಬಡಿದ ಸದ್ದು, ಹೊರಗೆ ಯಾರೋ ಗೊತ್ತಿಲ್ಲ. ಆ ಒಂದು ಬಾಗಿಲು ತೆರೆಯಲು ಏಳು ಶಾಟ್ ಬರೆದಿದ್ದೆ. ಮೊದಲು ಹೊಲಿಯುತ್ತಿದ್ದ ಕೈ ನಿಲ್ಲುತ್ತದೆ. ಆಮೇಲೆ ದೂರದಿಂದ ಇಡೀ ಪಡಸಾಲೆ, ಅದರ ತುದಿಯಲ್ಲಿ ಗುಬ್ಬಿಯಷ್ಟಾಗಿ ಅತ್ತೆ. ಬಾಗಿಲ ಕೆಳಗಿನ ಸಂದಿಯಲ್ಲಿ ಯಾರದೋ ಕಾಲು. ಹೀಗೆ ಹತ್ತಿರ ಹತ್ತಿರ ಹೋಗಿ, ಏಳನೆಯದರಲ್ಲಿ ತೆರೆಯ ತುಂಬ ಅವಳ ಮುಖ. ಅಲ್ಲಿ ಭಯ ಕಾಣಬೇಕು.

ಮಧ್ಯಾಹ್ನದ ಹೊತ್ತಿಗೆ ಆರು ಶಾಟ್ ಮುಗಿದವು. ಏಳನೆಯದು ಜಪ್ಪಯ್ಯ ಅಂದರೂ ಬರಲಿಲ್ಲ. ಸಹಾಯಕ್ಕೆ ಬಂದಿದ್ದ ನನ್ನ ಸಹಪಾಠಿ ಹೊರಗಿನಿಂದ ಬಾಗಿಲು ಬಡಿದರೆ ಸಾಕು, ಅತ್ತೆ ಸರಸರ ಹೋಗಿ ತೆಗೆದು "ಬಾರಪ್ಪ ಒಳಗೆ" ಎನ್ನುತ್ತಿದ್ದಳು.

"ಅತ್ತೆ, ತಕ್ಷಣ ತೆಗೀಬಾರ್ದು."

"ಬಿಸಿಲಲ್ಲಿ ನಿಂತಿದಾನಲ್ಲೋ."

"ಕೊಲೆಗಾರ ಇರಬಹುದು. ಅವನ್ಯಾರು ಅಂತ ನಿಂಗೆ ಗೊತ್ತಿಲ್ಲ."

"ಗೊತ್ತಿಲ್ದೇ ಏನು? ಬೆಳಿಗ್ಗೆ ನಮ್ಮನೇಲೇ ಎರಡು ಲೋಟ ಟೀ ಕುಡಿದ."

ಐದು ಗಂಟೆಗೆ ಕ್ಯಾಮೆರಾ ಹಿಂದಿರುಗಿಸಬೇಕು. ಎಂಟನೆಯ ಟೇಕ್ ಕೆಟ್ಟಾಗ ನನ್ನ ತಾಳ್ಮೆ ಹೋಯಿತು. ಹೊರಗಿನಿಂದ ಚಿಲಕ ಹಾಕಿ, ಬಾಗಿಲು ಬಡಿದು, ಏನು ಕೇಳಿದರೂ ಉಸಿರೆತ್ತಬೇಡ ಎಂದು ಆ ಸಹಪಾಠಿಗೆ ಗುಟ್ಟಾಗಿ ಹೇಳಿದೆ. ಸದ್ದಾಯಿತು. ಅತ್ತೆ ಒಳಚಿಲಕ ತೆಗೆದಳು, ಬಾಗಿಲು ಬರಲಿಲ್ಲ. "ಯಾರಪ್ಪಾ?" ಎಂದಳು. ಬಗ್ಗಿ ಸಂದಿಯಲ್ಲಿ ನಿಂತ ಕಾಲು ನೋಡಿದಳು. ಮೆಲ್ಲಗೆ ನೆಟ್ಟಗಾದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನಲವತ್ತು ಸೆಕೆಂಡು ಕ್ಯಾಮೆರಾ ಓಡಿತು, ನಾನು ಒಳಗೊಳಗೇ ಕುಣಿಯುತ್ತಿದ್ದೆ.

ಆಮೇಲೆ ಅವಳು ಗೋಡೆಗೆ ಒರಗಿ ಕುಳಿತುಬಿಟ್ಟಳು. ನಾನು ನಗುತ್ತ ನೀರು ತಂದುಕೊಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ಮ ಮಾವ ಹೋದ ದಿನ ಹೀಗೇ ಆಯ್ತು ಕಣೋ" ಎಂದಳು. "ಕಾರ್ಖಾನೆಯಿಂದ ಇಬ್ಬರು ಬಂದ್ರು. ನೀನು ಹೇಳು, ನೀನು ಹೇಳು ಅಂತ ಹೊರಗೇ ಗುಸುಗುಸು ಮಾಡ್ಕೊಂಡು ನಿಂತಿದ್ರು. ಸಂದೀಲಿ ನಾಲ್ಕು ಕಾಲು ಕಾಣ್ತಿತ್ತು. ಅವರು ಹೇಳಲ್ಲ, ನಂಗೆ ಬಾಗಿಲು ತೆಗೆಯೋಕೆ ಕೈ ಬರಲ್ಲ."

ನಾನು ಹುಟ್ಟುವ ಮೊದಲಿನ ಮಾತು. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ, ಆ ಶಾಟ್ ಅಳಿಸಿಹಾಕುತ್ತೇನೆ ಎಂದೆ.

"ಪರೀಕ್ಷೆ ನಿಂದು, ಹಾಕ್ಕೋ. ಜಾಸ್ತಿ ಹೊತ್ತು ಇಡ್ಬೇಡ, ಅಷ್ಟೆ."

ಅದನ್ನು ನೋಡಿದ ನಮ್ಮ ಮೇಷ್ಟ್ರು ಕುರ್ಚಿಯಿಂದ ಎದ್ದೇ ನಿಂತರು. "ನಲವತ್ತೂ ಸೆಕೆಂಡ್ ಇಡು. ಒಂದು ಫ್ರೇಮ್ ಕತ್ತರಿಸಿದ್ರೆ ನೋಡು. ಇದೊಂದಕ್ಕೇ ನಿಂಗೆ ಮೊದಲ ದರ್ಜೆ" ಎಂದರು. ಎರಡು ದಿನ ಎಡಿಟಿಂಗ್ ಕೋಣೆಯಲ್ಲಿ ಕುಳಿತೆ. ಮೂವತ್ತನಾಲ್ಕು ಸೆಕೆಂಡು ತೆಗೆದುಹಾಕಿ ಆರನ್ನಷ್ಟೇ ಉಳಿಸಿದೆ. ಅಂಕವೂ ಅದಕ್ಕೆ ತಕ್ಕಷ್ಟೇ ಬಂತು: ಅಂಚಿನಲ್ಲಿ ಪಾಸು, ಕೆಳಗೆ ಕೆಂಪು ಶಾಯಿಯಲ್ಲಿ "ಕಾಯಿಸುವ ಧೈರ್ಯ ಸಾಲದು" ಎಂಬ ಷರಾ.

ತರಗತಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಚಿತ್ರಗಳನ್ನು ತೋರಿಸಿದರು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ನನ್ನ ಪಕ್ಕ ಕುಳಿತಳು. ತೆರೆಯ ಮೇಲೆ ತನ್ನದೇ ಕೈ, ತನ್ನದೇ ಪಡಸಾಲೆ ಕಂಡು ಮೆಲ್ಲಗೆ ನಕ್ಕಳು. ಏಳನೆಯ ಶಾಟ್ ಬಂತು. ಅವಳು ಕತ್ತಲಲ್ಲಿ ತಡಕಾಡಿ ನನ್ನ ಕೈ ಹಿಡಿದುಕೊಂಡಳು. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆರು ಸೆಕೆಂಡೂ ಜಾಸ್ತಿಯಾಗಿತ್ತು.